‘4ಎ’ ಅಂದ್ರೆ ನಾಲ್ಕನೇ ಸ್ಟೇಜಾ?

ರಿಪೋರ್ಟು ಅರ್ಥ ಮಾಡಿಕೊಳ್ಳಲು ನಮ್ಮ ಬಳಿ ಬಂದವರು: 42 ವರ್ಷದ ಮಹಿಳೆ, ಗಾರ್ಮೆಂಟ್ಸ್‌ನಲ್ಲಿ ಟೈಲರ್. ಜೊತೆಗೆ ಗಂಡ ಮತ್ತು ನಾದಿನಿ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.

ತೊಂದರೆ: ಎಡ ಸ್ತನದಲ್ಲಿ ಎರಡು ತಿಂಗಳಿಂದ ನೋವಿಲ್ಲದ ಗಂಟು. ಕೈಯಲ್ಲಿ ಮೂರು ರಿಪೋರ್ಟು.

ರಿಪೋರ್ಟಿನ ಫೋಟೊ ವಾಟ್ಸ್ಆ್ಯಪ್‌ನಲ್ಲಿ ನೋಡಿದ ಅಕ್ಕನ ಮಗ, “ಚಿಕ್ಕಮ್ಮಾ, ಇದರಲ್ಲಿ ಫೋರ್ ಅಂತ ಇದೆ” ಅಂದಿದ್ದ. ನಾಲ್ಕು ಅಂದರೆ ಕೊನೇ ಸ್ಟೇಜು ಎಂದು ಮನೆಯಲ್ಲೇ ತೀರ್ಮಾನವಾಯಿತು. ಆಕೆ ಅಂದಿನಿಂದ ಸರಿಯಾಗಿ ಊಟ ಮಾಡಿರಲಿಲ್ಲ. ನಾದಿನಿಯದು ಉಲ್ಟಾ ವಾದ: “ಸೂಜಿ ಟೆಸ್ಟಲ್ಲಿ ಕ್ಯಾನ್ಸರ್ ಕಾಣ್ಲಿಲ್ಲ ಅಂತ ಬರೆದಿದ್ದಾರೆ ಮೇಡಂ. ಮತ್ತೆ ಬಯಾಪ್ಸಿ ಯಾಕೆ? ದುಡ್ಡು ಕೀಳೋಕೆ ತಾನೆ?”

ಇಬ್ಬರೂ ತಪ್ಪಾಗಿ ಓದಿಕೊಂಡಿದ್ದರು. ರಿಪೋರ್ಟುಗಳನ್ನು ತಾರೀಕಿನ ಪ್ರಕಾರ ಮೇಜಿನ ಮೇಲೆ ಜೋಡಿಸಿ, ಒಂದೊಂದರಲ್ಲೂ ಇರುವ ಅಂಕಿ-ಅಕ್ಷರ ಯಾವ ಅಳತೆಗೆ ಸೇರಿದ್ದು ಎಂದು ಬಿಡಿಸಿ ಹೇಳಿದೆವು.

ಅಲ್ಟ್ರಾಸೌಂಡ್: ‘ಎರಡು ಗಂಟೆಯ ದಿಕ್ಕಿನಲ್ಲಿ, ಮೊಲೆತೊಟ್ಟಿನಿಂದ 4 ಸೆಂ.ಮೀ. ದೂರದಲ್ಲಿ, 18 x 12 ಮಿ.ಮೀ. ಗಂಟು, ಬೈ-ರಾಡ್ಸ್ 4ಎ.’ ‘ಎರಡು ಗಂಟೆ’ ಎಂಬುದು ಸಮಯವಲ್ಲ; ಸ್ತನವನ್ನು ಗಡಿಯಾರದ ಮುಖದಂತೆ ನೋಡಿ ಜಾಗ ಗುರುತಿಸುವ ರೀತಿ. ಬೈ-ರಾಡ್ಸ್ ಎಂಬುದು ರೇಡಿಯಾಲಜಿಸ್ಟ್‌ಗೆ ಇರುವ ಅನುಮಾನದ ಅಳತೆ, ಸೊನ್ನೆಯಿಂದ ಆರರವರೆಗೆ. ಸ್ಟೇಜು ಎಂಬ ಮಾತು ಬರುವುದೇ ಕ್ಯಾನ್ಸರ್ ಇದೆ ಎಂದು ಖಚಿತವಾದ ಮೇಲೆ. 4 ಎಂದರೆ ‘ಅನುಮಾನವಿದೆ, ತುಣುಕು ತೆಗೆದು ನೋಡಿ’. ಅದರಲ್ಲೂ 4ಎ ಕಡಿಮೆ ಅನುಮಾನದ್ದು: ನೂರು ಹೆಂಗಸರಿಗೆ ಹೀಗೆ ಬರೆದರೆ ಎರಡರಿಂದ ಹತ್ತು ಜನರಲ್ಲಿ ಕ್ಯಾನ್ಸರ್ ಸಿಗಬಹುದು. 4ಬಿಯಲ್ಲಿ ಅದು ಹತ್ತರಿಂದ ಐವತ್ತು, 4ಸಿಯಲ್ಲಿ ಐವತ್ತರಿಂದ ತೊಂಬತ್ತೈದು. ಹಾಗಾಗಿ ರಿಪೋರ್ಟಿನಲ್ಲಿ ಬರೀ ‘4’ ಅಂತಿದ್ದರೆ ಎ, ಬಿ, ಸಿ ಯಾವುದು ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ): ‘ಡೆನ್ಸಿಟಿ ಸಿ’. ಗಂಡ ಇದನ್ನು ‘ಸಿ ಫಾರ್ ಕ್ಯಾನ್ಸರ್’ ಎಂದು ಓದಿಕೊಂಡಿದ್ದರು, ಹೆಂಡತಿಗೆ ಹೇಳದೆ ಒಳಗೇ ಇಟ್ಟುಕೊಂಡಿದ್ದರು. ಎ, ಬಿ, ಸಿ, ಡಿ ಎಂಬುದು ಸ್ತನದ ಅಂಗಾಂಶ ಎಷ್ಟು ದಟ್ಟ ಎಂಬುದರ ವರ್ಗ, ಅಷ್ಟೆ. ದಟ್ಟವಾದ ಅಂಗಾಂಶ ಮ್ಯಾಮೊಗ್ರಾಂನಲ್ಲಿ ಬೆಳ್ಳಗೆ ಕಾಣುತ್ತದೆ, ಗಂಟೂ ಬೆಳ್ಳಗೇ. ಒಂದರೊಳಗೆ ಇನ್ನೊಂದು ಮರೆಯಾಗಬಹುದು. ಕೈಗೆ ಗಂಟು ಸಿಗುತ್ತಿದ್ದರೆ ‘ಮ್ಯಾಮೊಗ್ರಾಂನಲ್ಲಿ ಏನೂ ಕಾಣಲಿಲ್ಲ’ ಎಂದು ಸುಮ್ಮನಾಗಬಾರದು.

ಎಫ್‌ಎನ್‌ಎಸಿ (ಸಣ್ಣ ಸೂಜಿಯಿಂದ ಕೋಶ ಹೀರಿ ನೋಡುವ ಪರೀಕ್ಷೆ): ನಾದಿನಿ ನೆಚ್ಚಿಕೊಂಡಿದ್ದ ಕಾಗದ ಇದು. ‘ಕ್ಯಾನ್ಸರ್ ಕೋಶ ಕಂಡಿಲ್ಲ’ ಎಂಬ ಸಾಲಿನ ಮೇಲೆಯೇ ‘ರಕ್ತ ಮತ್ತು ಕೊಬ್ಬು ಮಾತ್ರ, ಸಿ1’ ಎಂದಿತ್ತು. ಸಿ1 ಎಂದರೆ ಪರೀಕ್ಷೆಗೆ ಸಾಕಾಗುವಷ್ಟು ಕೋಶವೇ ಬಂದಿಲ್ಲ. ಸಿ2 ಆಗಿದ್ದರೆ ‘ನಿರಪಾಯಕಾರಿ ಕೋಶ’ ಎನ್ನಬಹುದಿತ್ತು. ಇದನ್ನು ಆಕೆಗೆ ಹೀಗೆ ಹೇಳಿದೆವು: ಹಿಟ್ಟಿನ ಡಬ್ಬಿಯಲ್ಲಿ ಹುಳ ಇದೆಯಾ ನೋಡಲು ಹೋಗಿ ಮುಚ್ಚಳ ಮಾತ್ರ ಒರೆಸಿ ಬಂದರೆ ಹುಳ ಇಲ್ಲ ಅನ್ನೋಕಾಗುತ್ತಾ? ಇನ್ನೊಂದು ಎಡವಟ್ಟೂ ಆಗಿತ್ತು. ಸೂಜಿ ಹಾಕಿಸಿದ್ದು ಸ್ಕ್ಯಾನಿಗೆ ಮೊದಲು. ಒಳಗೆ ರಕ್ತ ಕಟ್ಟಿಕೊಂಡರೆ ಸ್ಕ್ಯಾನ್ ಓದುವುದು ಕಷ್ಟ. ಮೊದಲು ಸ್ಕ್ಯಾನು, ಆಮೇಲೆ ಸೂಜಿ.

ಕೊಟ್ಟ ಸಲಹೆ: ಡಾಕ್ಟರು ಹೇಳಿದ ಕೋರ್ ಬಯಾಪ್ಸಿಯನ್ನು (ದಪ್ಪ ಸೂಜಿಯಿಂದ ಗಂಟಿನ ತುಣುಕು ತೆಗೆಯುವುದು) ಅಲ್ಟ್ರಾಸೌಂಡ್ ನೋಡಿಕೊಂಡೇ ಮಾಡಿಸಿ. ಸಾಮಾನ್ಯವಾಗಿ 14 ಗೇಜಿನ ಸೂಜಿ. ಮೊದಲು ಮರಗಟ್ಟಿಸುವ ಇಂಜೆಕ್ಷನ್, ಚರ್ಮದಲ್ಲಿ ಎರಡು-ಮೂರು ಮಿ.ಮೀ. ಗೀರು, ನಾಲ್ಕೈದು ತುಣುಕು. ಪ್ರತಿ ಸಲ ಸೂಜಿ ಚಿಮ್ಮಿಸುವ ಗನ್ ‘ಟಪ್’ ಅನ್ನುತ್ತದೆ. ಆ ಸದ್ದಿಗೆ ಬೆಚ್ಚಿ ಅಲುಗಾಡದಂತೆ ಮೊದಲೇ ಒಂದು ಸಲ ಕೇಳಿಸಲು ಹೇಳಿ. ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ತಿಳಿಸಿ, ನೀವಾಗೇ ನಿಲ್ಲಿಸಬೇಡಿ. ಸಣ್ಣ ಊರುಗಳಲ್ಲಿ ತುಣುಕಿನ ಬಾಟಲಿಯನ್ನು ಲ್ಯಾಬಿಗೆ ಒಯ್ಯುವವರು ಮನೆಯವರೇ. ಹಾಗಿದ್ದರೆ ಅದರಲ್ಲಿರುವುದು ಫಾರ್ಮಲಿನ್ (ತುಣುಕು ಕೆಡದಂತೆ ಕಾಯುವ ದ್ರವ) ತಾನೇ ಎಂದು ಕೇಳಿ, ಸಲೈನಾದರೆ (ಉಪ್ಪುನೀರು) ಕೋಶ ಕೆಡುತ್ತದೆ. ತುಣುಕು ಪೂರ್ತಿ ಮುಳುಗಿರಬೇಕು, ಬಾಟಲಿಯ ಮೈ ಮೇಲೆ (ಮುಚ್ಚಳದ ಮೇಲಲ್ಲ) ಹೆಸರು ಮತ್ತು ‘ಎಡ’ ಎಂದಿರಬೇಕು, ಅವತ್ತೇ ತಲುಪಬೇಕು.

“ಸೂಜಿ ಹಾಕಿದ್ರೆ ಗಂಟು ಕೆರಳುತ್ತೆ ಅಂತಾರಲ್ಲ?” ಎಂದು ಆಕೆ ಕೇಳಿದರು. ಈ ಭಯಕ್ಕೆ ನಗಬಾರದು, ಬಯಾಪ್ಸಿ ತಪ್ಪಿಸಿಕೊಳ್ಳುವವರಲ್ಲಿ ಬಹಳ ಜನ ಇದಕ್ಕೇ ತಪ್ಪಿಸಿಕೊಳ್ಳುವುದು. ಸೂಜಿ ಹೋದ ದಾರಿಯಲ್ಲಿ ಒಂದಷ್ಟು ಕೋಶ ಸರಿಯಬಹುದು; ಅದರಿಂದ ಕಾಯಿಲೆ ಹರಡಿ ಆಯಸ್ಸು ಕಮ್ಮಿಯಾಗುತ್ತದೆ ಎನ್ನಲು ಆಧಾರವಿಲ್ಲ. ‘ಏನೂ ಆಗಲ್ಲ ಬಿಡಿ’ ಎಂದು ನಾವು ಹೇಳಲಿಲ್ಲ. ತುಣುಕಿನ ರಿಪೋರ್ಟು ಬರುವವರೆಗೆ ಆ ಮಾತು ಯಾರೂ ಹೇಳುವಂತಿಲ್ಲ. ಹೊರಡುವ ಮುಂಚೆ, “ಮನೆಗೆ ಹೋಗಿ ಅತ್ತೆಗೆ ಹೇಗೆ ಹೇಳ್ತೀರೋ ಹಾಗೇ ನನಗೆ ಹೇಳಿ” ಎಂದೆವು. 4ಎ ಸರಿಯಾಗಿ ಹೇಳಿದರು, ಸಿ1 ಎರಡನೇ ಸಲಕ್ಕೆ ಸರಿಹೋಯಿತು.

ಮುಂದೆ: ಬಯಾಪ್ಸಿಯಲ್ಲಿ ಫೈಬ್ರೊಅಡೆನೋಮಾ, ನಿರಪಾಯಕಾರಿ ಗಂಟು. ಸ್ಕ್ಯಾನಿನಲ್ಲಿ ಕಂಡದ್ದಕ್ಕೂ ತುಣುಕಿಗೂ ಹೊಂದುತ್ತದೆಯೇ ಎಂದು ಡಾಕ್ಟರನ್ನು ಕೇಳಿ ಬರಲು ಹೇಳಿದ್ದೆವು. ಹೊಂದದಿದ್ದರೆ ಒಳ್ಳೆಯ ರಿಪೋರ್ಟನ್ನೂ ನಂಬದೆ ಮತ್ತೆ ತುಣುಕು ತೆಗೆಯಬೇಕಾಗುತ್ತದೆ. ಇಲ್ಲಿ ಹೊಂದಿತು. ಆರು ತಿಂಗಳಿಗೆ ಮತ್ತೊಂದು ಸ್ಕ್ಯಾನ್ ಬರೆದಿದ್ದಾರೆ.

“ಗಂಟು ಕೈಗೆ ಸಿಗ್ತಾನೇ ಇರುತ್ತಾ?” ಇರುತ್ತದೆ. ತೆಗೆಸಲೇಬೇಕೆಂದಿಲ್ಲ. ಆದರೆ ಅದು ದೊಡ್ಡದಾದರೆ, ಚರ್ಮ ಒಳಕ್ಕೆ ಎಳೆದಂತಾದರೆ, ತೊಟ್ಟಿನಿಂದ ರಕ್ತ ಬಂದರೆ, ಕಂಕುಳಲ್ಲಿ ಗಂಟು ಸಿಕ್ಕರೆ ಆರು ತಿಂಗಳು ಕಾಯದೆ ಅದೇ ವಾರ ತೋರಿಸಿ, ಬಯಾಪ್ಸಿಯದೂ ಸೇರಿ ಹಳೆಯ ರಿಪೋರ್ಟುಗಳೆಲ್ಲ ಜೊತೆಗಿರಲಿ.