ಮಾಸ್ಟಡಾನ್: ಹ್ಯಾಶ್‌ಟ್ಯಾಗ್‌ನಲ್ಲಿ ಸಿಗುವ ಪೋಸ್ಟ್ ಹುಡುಕಾಟದಲ್ಲಿ ಯಾಕೆ ಸಿಗಲ್ಲ?

ಬೇರೆ ಬೇರೆ ಸರ್ವರ್‌ಗಳು ಸೇರಿ ನಡೆಯುವ ಸಾಮಾಜಿಕ ಜಾಲತಾಣ ಮಾಸ್ಟಡಾನ್‌ನಲ್ಲಿ ಹ್ಯಾಶ್‌ಟ್ಯಾಗ್ ಒತ್ತಿದರೆ ನಿಮ್ಮ ಪೋಸ್ಟ್ ಬರುತ್ತೆ, ಅದರೊಳಗಿನ ಪದ ಹಾಕಿ ಹುಡುಕಿದರೆ ಬೇರೆ ಸರ್ವರ್‌ನಲ್ಲಿರುವ ಗೆಳೆಯರಿಗೆ ಸಿಗಲ್ಲ, ಯಾರಾದರೂ ತಡೆದಿದ್ದಾರಾ ಅಂತ ಕೇಳಿದ್ದೀರಿ. ತಡೆದಿರುವ ಸಾಧ್ಯತೆ ಕಡಿಮೆ. 2023ರ ಸೆಪ್ಟೆಂಬರ್‌ನಲ್ಲಿ ಬಂದ 4.2 ಆವೃತ್ತಿಯಿಂದ ಎಲ್ಲರ ಸಾರ್ವಜನಿಕ ಪೋಸ್ಟ್‌ಗಳನ್ನೂ ಪದ ಹಾಕಿ ಹುಡುಕಬಹುದು, ಆದರೆ ಬರೆದವರು ಒಪ್ಪಿದ್ದರೆ ಮಾತ್ರ. ನೀವಾಗಿ ಟಿಕ್ ಮಾಡದಿದ್ದರೆ ಒಪ್ಪಿಲ್ಲ ಅಂತಲೇ ಲೆಕ್ಕ.

ಪ್ರಿಫರೆನ್ಸಸ್‌ನಲ್ಲಿ ಪಬ್ಲಿಕ್ ಪ್ರೊಫೈಲ್, ಅಲ್ಲಿ 'ಪ್ರೈವಸಿ ಅಂಡ್ ರೀಚ್' ತೆರೆಯಿರಿ. ಸಾರ್ವಜನಿಕ ಪೋಸ್ಟ್‌ಗಳನ್ನು ಹುಡುಕಾಟಕ್ಕೆ ಸೇರಿಸುವ ಟಿಕ್ ಅಲ್ಲಿದೆ. ಗೂಗಲ್‌ನಂಥವಕ್ಕೆ ಬೇರೆಯದೇ ಟಿಕ್ ಇದೆ, ಎರಡನ್ನೂ ಕಲಸಿಕೊಳ್ಳಬೇಡಿ. ಪದ ಹುಡುಕಿಕೊಂಡು ಬಂದು ಜಗಳ ತೆಗೆಯುವವರನ್ನು ನೋಡಿದ ಮೇಲೆ, ಮೊದಲೇ ಆಫ್ ಇಟ್ಟಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ಇಷ್ಟು ಒಳಗೆ ಬಚ್ಚಿಡಬೇಕಿರಲಿಲ್ಲ!

ಟಿಕ್ ಹಾಕಿದರೂ ಸಿಗದಿದ್ದರೆ ಗೆಳೆಯರ ಸರ್ವರ್ ವಿಚಾರಿಸಿ. ಅಲ್ಲಿ ಎಲಾಸ್ಟಿಕ್‌ಸರ್ಚ್ ಅನ್ನುವ, ಪದ ಹುಡುಕಿಕೊಡುವ ತಂತ್ರಾಂಶ ನಡೆಯುತ್ತಿರಬೇಕು. ಅದು ಮೆಮೊರಿ ನುಂಗುವುದರಿಂದ ಸಣ್ಣ ಸರ್ವರ್‌ನವರು ಎಷ್ಟೋ ಸಲ ಹಾಕಿರುವುದಿಲ್ಲ. ಜೊತೆಗೆ ನಿಮ್ಮ ಪೋಸ್ಟ್ ಆ ಸರ್ವರ್‌ಗೆ ತಲುಪಿರಬೇಕು. ಅಲ್ಲಿ ಯಾರೂ ನಿಮ್ಮನ್ನು ಫಾಲೋ ಮಾಡದೆ, ಬೂಸ್ಟ್ (ಮರುಹಂಚಿಕೆ) ಕೂಡ ಆಗದೆ ಇದ್ದರೆ ಸಾಮಾನ್ಯವಾಗಿ ತಲುಪಿರುವುದಿಲ್ಲ.

ಕನ್ನಡಕ್ಕೆ ಇನ್ನೊಂದು ತಲೆನೋವು: ವಿಭಕ್ತಿ. 'ಮಳೆಯಲ್ಲಿ' ಅಂತ ಬರೆದಿದ್ದರೆ 'ಮಳೆ' ಅಂತ ಹುಡುಕಿದವರಿಗೆ ಸಿಗಲ್ಲ, ಪ್ರತ್ಯಯ ಬಿಡಿಸಿ ನೋಡುವಷ್ಟು ಕನ್ನಡ ಈ ಹುಡುಕಾಟಕ್ಕೆ ಬರಲ್ಲ. ಪೋಸ್ಟ್‌ನಲ್ಲಿ ಪದ ಹೇಗಿದೆಯೋ ಹಾಗೇ ಹಾಕಿ ನೋಡಲು ಹೇಳಿ. ಹ್ಯಾಶ್‌ಟ್ಯಾಗ್ ಹಾಕುವುದನ್ನಂತೂ ಬಿಡಬೇಡಿ, ಅದಕ್ಕೆ ಈ ಟಿಕ್ ಬೇಕಿಲ್ಲ.