ಸಂಪಾದಕರ ಉತ್ತರ: ಸೊಲ್ಲಾಪುರದ ಕೋಟೆಯೂ ಬೀಗರ ಜಗಳವೂ

ಅಕ್ಕಲಕೋಟೆ ತಾಲೂಕಿನ ನಿವೃತ್ತ ಮಾಸ್ತರರೊಬ್ಬರು ಕೇಳಿದ್ದಾರೆ: "ಸೊಲ್ಲಾಪುರದ ಕೋಟೆಗೆ ಗುಡ್ಡದ ಆಸರೆ ಇಲ್ಲ, ಕಾಡಿಲ್ಲ. ಬಟಾಬಯಲು. ಇಂಥ ಕೋಟೆಗಾಗಿ ಬಿಜಾಪುರದವರೂ ಅಹಮದನಗರದವರೂ ಅಷ್ಟೊಂದು ಯಾಕೆ ಬಡಿದಾಡಿದರು? ಮದುವೆಯಲ್ಲಿ ಒಪ್ಪಿಕೊಂಡ ಬಳುವಳಿ ಕೊಡಲಿಲ್ಲ, ಅದಕ್ಕೇ ಜಗಳ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ನಿಜವೇ? ಇನ್ನೊಂದು ಮಾತು. ನಮ್ಮೂರ ಹೊಲದ ಬದುವಿನಲ್ಲಿ ಒಂದು ಕಲ್ಲಿನ ಗುಂಡು ಬಿದ್ದಿದೆ. ಮನ್ರೋ ಸಾಹೇಬನ ತೋಪಿನದು ಅನ್ನುತ್ತಾರೆ. ಇರಬಹುದೇ?"

ಮಾಸ್ತರೇ, ಬಳುವಳಿಯ ಮಾತು ಕಟ್ಟುಕತೆ ಅಲ್ಲ. 1524ರ ಹೊತ್ತಿಗೆ ಬಿಜಾಪುರದ ಇಸ್ಮಾಯಿಲ್ ಆದಿಲಶಾಹ ಮತ್ತು ಅಹಮದನಗರದ ಬುರ್ಹಾನ್ ನಿಜಾಮಶಾಹ ಸೊಲ್ಲಾಪುರದಲ್ಲೇ ಭೇಟಿಯಾದರು. ಇಸ್ಮಾಯಿಲನ ಸಹೋದರಿ ಮರಿಯಂಳನ್ನು ಬುರ್ಹಾನನಿಗೆ ಕೊಟ್ಟು ಮದುವೆಯಾಯಿತು. ಜೊತೆಗೆ ಸೊಲ್ಲಾಪುರದ ಕೋಟೆ, ಅದಕ್ಕೆ ಸೇರಿದ ಐದೂವರೆ ಪರಗಣೆ (ಈಗಿನ ತಾಲೂಕಿನಂಥ ಕಂದಾಯದ ಸೀಮೆ) ಕೊಡುವ ಮಾತೂ ಆಗಿತ್ತು ಎಂಬುದು ಅಹಮದನಗರದವರ ವಾದ. ಮದುವೆ ಊಟ ಮುಗಿದ ಮೇಲೆ ಇಸ್ಮಾಯಿಲ್, 'ಅಂಥ ಮಾತನ್ನು ನಾನು ಕೊಟ್ಟೇ ಇಲ್ಲ' ಅಂದ. ಬುರ್ಹಾನ್ ಬೀದರ್ ಮತ್ತು ಬೇರಾರಿನ ದೊರೆಗಳನ್ನು ಕಟ್ಟಿಕೊಂಡು ಬಂದು ಕೋಟೆಗೆ ಮುತ್ತಿಗೆ ಹಾಕಿದ. ಬಿಜಾಪುರದ ಸೈನ್ಯ ಬಂತು, ಅಸದ್ ಖಾನ್ ಲಾರಿ ಮುಂದೆ ನಿಂತು ಕಾದಿದ, ಮೂವರೂ ಬಂದ ದಾರಿ ಹಿಡಿದರು.

ಆದರೆ ಬಳುವಳಿ ಒಂದು ನೆಪ ಮಾತ್ರ ಅಂತ ನನ್ನ ಅನಿಸಿಕೆ. ನಿಮ್ಮದೇ ಸೀಮೆಯ ನೆಲ ನೋಡಿ. ಭೀಮಾ, ಸೀನಾ ಹೊಳೆಗಳ ಆಸುಪಾಸಿನ ಎರೆ ಭೂಮಿ. ಹಿಂಗಾರಿ ಜೋಳ ಬೆಳೆದರೆ ಕಾಳು ಮನುಷ್ಯರಿಗೆ, ಕಣಿಕೆ ದನ-ಕುದುರೆಗಳಿಗೆ. ಆಗಿನ ದಂಡು ಅಂದರೆ ಜಾಸ್ತಿ ಕುದುರೆ ದಂಡೇ. ಐದೂವರೆ ಪರಗಣೆ ಕೈಯಲ್ಲಿದ್ದವನ ಲಾಯ ತುಂಬಿರುತ್ತಿತ್ತು. ಮೇಲಾಗಿ ಇಲ್ಲಿಂದ ಬಿಜಾಪುರ ನೂರು ಕಿಲೋಮೀಟರ್ ಅಷ್ಟೇ. ನಡುವೆ ಹೊಳೆ ಬಿಟ್ಟರೆ ಬೇರೆ ತಡೆ ಇಲ್ಲ. ಸೊಲ್ಲಾಪುರದಲ್ಲಿ ಶತ್ರು ಕೂತರೆ ಆದಿಲಶಾಹನಿಗೆ ನಿದ್ದೆ ಹೇಗೆ ಬರಬೇಕು?

ಇನ್ನು ಕೋಟೆಯ ವಿಷಯ. ಬಯಲ ಕೋಟೆ ಅಂತ ಹಗುರವಾಗಿ ನೋಡಬೇಡಿ. ಮುಂದಿನ ಸಲ ಹೋದಾಗ ಪೂರ್ವ ದಿಕ್ಕಿಗೆ ನಿಂತುಕೊಳ್ಳಿ. ಗೋಡೆಯ ಬುಡಕ್ಕೇ ಸಿದ್ಧರಾಮೇಶ್ವರರ ಕೆರೆಯ ನೀರು. ಉಳಿದ ಮೂರು ಕಡೆ ಕಂದಕ, ಅದರ ಒಳಗೆ ಒಂದರ ಹಿಂದೆ ಒಂದು, ಎರಡು ಸುತ್ತಿನ ಗೋಡೆ. ಹೊರಗಿನ ಗೋಡೆ ಹತ್ತಿದವನು ಎರಡರ ನಡುವಿನ ಓಣಿಗೆ ಬೀಳುತ್ತಾನೆ. ಒಳಗೋಡೆಯ ಮೇಲಿನವರಿಗೆ ಅವನು ಸುಮ್ನೆ ಕೂತಲ್ಲೇ ಸಿಕ್ಕ ಬೇಟೆ. ಕೆರೆಯ ಕಡೆ ಸುರಂಗ ತೋಡಿ ಮದ್ದು ತುಂಬುವ ಆಟವೂ ನಡೆಯುವುದಿಲ್ಲ. ತೋಡಿದ ಗುಂಡಿಗೆ ನೀರು ಜಿನುಗುತ್ತದೆ, ಮದ್ದು ಹಸಿಯಾಗುತ್ತದೆ. ಜನರ ದಾಹಕ್ಕೆ ಶರಣರು ಕಟ್ಟಿಸಿದ ಕೆರೆ ಮುಂದೆ ಸುಲ್ತಾನರ ಕೋಟೆಗೆ ಕಾವಲಾಯಿತು. ಸಂಕ್ರಾಂತಿ ಜಾತ್ರೆಗೆ ಬರುವವರಲ್ಲಿ ಎಷ್ಟು ಜನ ಇದನ್ನು ಗಮನಿಸುತ್ತಾರೋ!

ಇಷ್ಟಿದ್ದೂ ಕೋಟೆ ಮತ್ತೆ ಮತ್ತೆ ಕೈ ಬದಲಾಯಿಸಿತಲ್ಲ? ನಾನು ಮುಖ್ಯವಾಗಿ ಹೇಳಬೇಕಿರುವುದು ಇದನ್ನೇ. ಸೊಲ್ಲಾಪುರದ ಹಣೆಬರಹ ಗೋಡೆಯ ಮೇಲೆ ತೀರ್ಮಾನ ಆಗಲಿಲ್ಲ. ಹೊರಗಿನಿಂದ ನೆರವು ಬರುತ್ತದೋ ಇಲ್ಲವೋ ಅನ್ನುವುದರ ಮೇಲೆ ಆಯಿತು. ಅಹಮದನಗರ ಇಲ್ಲಿಂದ ಬಿಜಾಪುರಕ್ಕಿಂತ ಎರಡು ಪಟ್ಟು ದೂರ. ಎರೆ ಮಣ್ಣಿನಲ್ಲಿ ತೋಪಿನ ಗಾಡಿ ಎಳೆಯುವುದು ಎಂಥ ಕಷ್ಟ ಅಂತ ಒಂದು ಮಳೆಗಾಲ ಎತ್ತಿನ ಬಂಡಿ ಹೂಡಿದವರಿಗೆ ಗೊತ್ತು. ನಿಜಾಮಶಾಹ ಬಂದು ಮೋರ್ಚಾ ಕಟ್ಟುವಷ್ಟರಲ್ಲಿ ಬಿಜಾಪುರದ ದಂಡು ಬೆನ್ನಿಗೆ ಬಂದಿರುತ್ತಿತ್ತು. ಹಾಗಾಗಿ ಅವನಿಗೆ ಬೇಕಾಗಿದ್ದು ದೊಡ್ಡ ತೋಪಿಗಿಂತ, ಆದಿಲಶಾಹನನ್ನು ಬೇರೆ ಕಡೆ ಸಿಕ್ಕಿಸಿ ಹಾಕುವ ಒಬ್ಬ ಗೆಳೆಯ.

ಆ ಗೆಳೆಯ ಸಿಕ್ಕಿದ್ದು ವಿಜಯನಗರದಲ್ಲಿ. 1552ರ ಹೊತ್ತಿಗೆ ಅಳಿಯ ರಾಮರಾಯ ರಾಯಚೂರು, ಮುದಗಲ್ ಕಡೆ ನುಗ್ಗಿದ. ಬಿಜಾಪುರದ ಕೈ ಅಲ್ಲಿ ಕಟ್ಟಿಹಾಕಿದಂತಾಯಿತು. ಇತ್ತ ಬುರ್ಹಾನ್ ಸೊಲ್ಲಾಪುರ ಗೆದ್ದ. ಅಳಿಯನಾಗಿ ಕೇಳಿದ್ದನ್ನು ಮುದುಕನಾದ ಮೇಲೆ ತೋಪು ಹಚ್ಚಿ ತೆಗೆದುಕೊಂಡ, ಅಷ್ಟೇ!

ಮುಂದಿನದು ಇನ್ನೂ ತಮಾಷೆ. ರಾಮರಾಯನ ವಿರುದ್ಧ ಸುಲ್ತಾನರು ಒಂದಾಗಬೇಕಾಯಿತು. ಆಗ ಬುರ್ಹಾನನ ಮೊಮ್ಮಗಳು ಚಾಂದಬೀಬಿಯನ್ನು ಬಿಜಾಪುರದ ಅಲಿ ಆದಿಲಶಾಹನಿಗೆ ಕೊಟ್ಟರು. ಬಳುವಳಿ ಏನು ಗೊತ್ತಾ? ಸೊಲ್ಲಾಪುರದ ಕೋಟೆ! ಅಹಮದನಗರದ ಸೊಸೆಯ ಜೊತೆ ಹೋಗಬೇಕಿದ್ದದ್ದು ಅಹಮದನಗರದ ಮಗಳ ಜೊತೆ ವಾಪಸು ಹೋಯಿತು. ಆ ಬೀಗತನದ ಬೆನ್ನಿಗೇ 1565ರ ತಾಳಿಕೋಟೆ ಯುದ್ಧ. ನಿಮ್ಮ ಹಿರಿಯರು ಎರಡು ಮದುವೆ ಸೇರಿಸಿ ಒಂದು ಕತೆ ಮಾಡಿರಬೇಕು.

ಇದೇ ಚಾಂದಬೀಬಿ 1596ರಲ್ಲಿ ಮೊಗಲರ ಎದುರು ತವರು ಅಹಮದನಗರದ ಕೋಟೆ ಕಾದಳು. ಮದ್ದಿನ ಸುರಂಗ ಸಿಡಿದು ಗೋಡೆ ಕುಸಿಯಿತು, ರಾತ್ರೋರಾತ್ರಿ ಕಟ್ಟಿಸಿದಳು. ಇದನ್ನು ಎಲ್ಲರೂ ಹೇಳುತ್ತಾರೆ. ಬಿಜಾಪುರದಿಂದ ಸುಹೇಲ್ ಖಾನನ ದಂಡು ಹೊರಟು ಬರುತ್ತಿತ್ತು ಅನ್ನುವುದನ್ನು ಮಾತ್ರ ಮರೆಯುತ್ತಾರೆ. ಮೊಗಲ ಶಹಜಾದೆ ಮುರಾದ್ ಬೇರಾರ್ ಪಡೆದು ಸಂಧಿಗೆ ಒಪ್ಪಿದ್ದರಲ್ಲಿ ಆ ಸುದ್ದಿಯ ಪಾಲೂ ದೊಡ್ಡದು. ಆಕೆಯ ಧೈರ್ಯವನ್ನು ನಾನು ಕಡಿಮೆ ಮಾಡುತ್ತಿಲ್ಲ. ಗಂಡನ ಮನೆಯ ನಂಟು ಕೂಡ ಕೆಲಸಕ್ಕೆ ಬಂತು ಅನ್ನುತ್ತಿದ್ದೇನೆ.

ಸೊಲ್ಲಾಪುರದ ಉಳಿದ ಕತೆಯೂ ಹೀಗೇ. 1624ರಲ್ಲಿ ಭಾತವಡಿಯಲ್ಲಿ ಅಹಮದನಗರದ ಮಂತ್ರಿ ಮಲಿಕ್ ಅಂಬರ್ ಬಿಜಾಪುರದ ಸೈನ್ಯವನ್ನು ಪುಡಿ ಮಾಡಿದ. ನೆರವಿಗೆ ಬರಲು ಯಾರೂ ಉಳಿಯಲಿಲ್ಲ, ಮರುವರ್ಷ ಕೋಟೆ ಅವನದಾಯಿತು. 1636ರ ಒಪ್ಪಂದದಲ್ಲಿ ಮತ್ತೆ ಬಿಜಾಪುರಕ್ಕೆ, 1668ರಲ್ಲಿ ಮೊಗಲರಿಗೆ, ಎರಡೂ ಕಾಗದದ ಮೇಲೆ. ಮುಂದೆ ಔರಂಗಜೇಬ ಇದೇ ಸೊಲ್ಲಾಪುರದಲ್ಲಿ ಬೀಡುಬಿಟ್ಟು ಬಿಜಾಪುರದ ಮುತ್ತಿಗೆ ನಡೆಸಿದ. 1686ರಲ್ಲಿ ಬಿಜಾಪುರವೇ ಬಿತ್ತು. ಆದಿಲಶಾಹರು ಹೆದರಿದ್ದು ಸುಳ್ಳಾಗಲಿಲ್ಲ.

1818ರ ಮೇ ತಿಂಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ದಂಡನಾಯಕ ಥಾಮಸ್ ಮನ್ರೋ ಬಂದಾಗ ಪೇಶ್ವೆಯ ಕಾಲಾಳು, ತೋಪುಗಳು ಇಲ್ಲಿದ್ದವು. ಪೇಶ್ವೆ ಎರಡನೇ ಬಾಜಿರಾಯ ಮಾತ್ರ ಊರೂರು ಓಡುತ್ತಿದ್ದ. ಸೇನಾಪತಿ ಬಾಪು ಗೋಖಲೆ ಫೆಬ್ರವರಿಯಲ್ಲೇ ಆಷ್ಟಿಯಲ್ಲಿ ಸತ್ತಿದ್ದ. ಯಾರಿಗಾಗಿ ಕಾಯಬೇಕು? ಕೆಲವೇ ದಿನಗಳಲ್ಲಿ ಕೋಟೆ ಶರಣಾಯಿತು.

ಇನ್ನು ನಿಮ್ಮ ಕಲ್ಲಿನ ಗುಂಡು. ಮನ್ರೋನ ಕಂಪನಿ ಸೈನ್ಯ ಹಾರಿಸುತ್ತಿದ್ದದ್ದು ಕಬ್ಬಿಣದ ಗುಂಡು, ಹಾಗಾಗಿ ಅವನದಂತೂ ಅಲ್ಲ. ಕಲ್ಲಿನ ಗುಂಡು ಸುಲ್ತಾನರ ಕಾಲದ ತೋಪುಗಳಲ್ಲಿ ಬಳಕೆಯಲ್ಲಿತ್ತು. ಆದರೆ ಸೊಲ್ಲಾಪುರದಿಂದ ನಿಮ್ಮೂರಿಗೆ ಹಾರಿ ಬರುವ ತೋಪು ಆಗ ಯಾರ ಬಳಿಯೂ ಇರಲಿಲ್ಲ. ಮೊದಲು ಊರಿನ ಗರಡಿಮನೆಯ ಹಿರಿಯರನ್ನು ಕೇಳಿ ನೋಡಿ. ಜಾತ್ರೆಯಲ್ಲಿ ಪೈಲ್ವಾನರು ಎತ್ತುವ ಗುಂಡುಕಲ್ಲೂ ಹಾಗೇ ದುಂಡಗಿರುತ್ತದೆ. ಅವರು ತಮ್ಮದಲ್ಲ ಅಂದರೆ ಒಂದು ಫೋಟೊ ತೆಗೆದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ನಮಗೆ ಕಳಿಸಿ. ಅಚ್ಚು ಮಾಡುತ್ತೇವೆ.