‘ಕೇಳಿದಾಗ ಮಾತ್ರ ತಪ್ಪು ಹೇಳಪ್ಪ’

ಪ್ರಶ್ನೆ: ಹತ್ತು ವರ್ಷದ ಮಗಳು ಷಟಲ್ ಬ್ಯಾಡ್ಮಿಂಟನ್ ಕಲಿಯುತ್ತಿದ್ದಾಳೆ. ಸಂಜೆ ಮನೆ ಮುಂದೆ ನಾನೇ ಅಭ್ಯಾಸ ಮಾಡಿಸುತ್ತೇನೆ. ‘ಏನು ಆಡಬೇಕು ಅಂತ ನಾನೇ ಹೇಳ್ತೀನಿ, ಕೇಳಿದಾಗ ಮಾತ್ರ ತಪ್ಪು ಹೇಳಪ್ಪ’ ಎಂದು ಹಟ ಮಾಡುತ್ತಾಳೆ. ಅವಳಿಷ್ಟಕ್ಕೆ ಬಿಡಬಹುದೇ?
– ಒಬ್ಬ ತಂದೆ, ದಾವಣಗೆರೆ

ಉತ್ತರ: ಎರಡನೆಯ ಬೇಡಿಕೆಗೆ ಇವತ್ತೇ ಒಪ್ಪಿಕೊಳ್ಳಿ. ಮೊದಲನೆಯದಕ್ಕೆ ಅರ್ಧ ಒಪ್ಪಿ.

ಹೊಡೆದ ಪ್ರತಿ ಸಲವೂ ನೀವು ತಿದ್ದುತ್ತಿದ್ದರೆ ಮಗು ನಿಮ್ಮ ಮಾತಿಗೇ ಕಾಯುತ್ತದೆ. ಹೊಡೆತ ಸರಿ ಬಂತೋ ಇಲ್ಲವೋ ಎಂದು ತಾನೇ ಅಳೆಯುವುದನ್ನು ಬಿಡುತ್ತದೆ. ಆ ಅಳತೆಯೇ ಕಲಿಕೆಯ ಜೀವ. 1997ರಲ್ಲಿ ಸಂಶೋಧಕ ಕ್ರಿಸ್ಟೋಫರ್ ಜನೆಲ್ ಮತ್ತು ಸಂಗಡಿಗರು ರೂಢಿಯಿಲ್ಲದ ಕೈಯಲ್ಲಿ ಚೆಂಡೆಸೆಯುವುದನ್ನು ಕಲಿಸಿ ನೋಡಿದರು. ಬೇಕೆನಿಸಿದಾಗ ಮಾತ್ರ ಸಲಹೆ ಕೇಳಿದವರಿಗೆ ಕಲಿತದ್ದು ಹೆಚ್ಚು ನಿಂತಿತು. ಅವರು ಕೇಳಿದ್ದೂ ಅಪರೂಪಕ್ಕೆ. ಇನ್ನೊಂದು ವಿಷಯ ನಿಮಗೆ ಆಶ್ಚರ್ಯವೆನಿಸಬಹುದು. ಕಲಿಯುವವರು ಹೆಚ್ಚಾಗಿ ಕೇಳುವುದು ಚೆನ್ನಾಗಿ ಬಂತೆನಿಸಿದ ಪ್ರಯತ್ನದ ನಂತರ ಎಂದು 2002ರಲ್ಲಿ ಶಿವಿಯಾಕೋವ್ಸ್ಕಿ ಮತ್ತು ವುಲ್ಫ್ ತೋರಿಸಿದರು. ಆದ್ದರಿಂದ ಮಗಳು ಒಳ್ಳೆಯ ಸರ್ವ್ ಮಾಡಿ ‘ಹೇಗಿತ್ತು?’ ಎಂದರೆ, ಹೊಗಳಿಕೆಗೆ ಕೇಳುತ್ತಿದ್ದಾಳೆ ಎಂದುಕೊಳ್ಳಬೇಡಿ. ತನಗನಿಸಿದ್ದು ನಿಜವೇ ಎಂದು ತಾಳೆ ನೋಡುತ್ತಿದ್ದಾಳೆ.

ಗಾಲ್ಫ್ ಚೆಂಡಿನ ಬಣ್ಣ ಆರಿಸಲು ಬಿಟ್ಟರೂ ಕಲಿಕೆ ಸುಧಾರಿಸಿತು ಎಂದು 2015ರ ಪ್ರಯೋಗವೊಂದು ಹೇಳಿತು. ಅದನ್ನು ನಾನು ಅಷ್ಟಾಗಿ ನೆಚ್ಚುವುದಿಲ್ಲ. 2022ರಲ್ಲಿ ಬ್ರ್ಯಾಡ್ ಮೆಕೇ ಮತ್ತು ಸಂಗಡಿಗರು ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದರು. ಗೆದ್ದ ಫಲಿತಾಂಶಗಳೇ ಹೆಚ್ಚು ಪ್ರಕಟವಾಗುವ ವಾಲಿಕೆಯನ್ನು ಸರಿಪಡಿಸಿ ಲೆಕ್ಕ ಹಾಕಿದಾಗ ಆಯ್ಕೆಯಿಂದಾಗುವ ಲಾಭ ತೀರ ಸಣ್ಣದಾಗಿ ಕಂಡಿತು. ಹಾಗಾಗಿ ಆಯ್ಕೆ ಕೊಟ್ಟ ಮಾತ್ರಕ್ಕೆ ಕೈ ಪಳಗುತ್ತದೆ ಎಂದು ನಂಬಿ ಕೂರಬೇಡಿ. ನಾನು ಅದನ್ನು ಶಿಫಾರಸು ಮಾಡುವುದು ಮಗಳು ನಾಳೆಯೂ ಬ್ಯಾಟ್ ಹಿಡಿದು ಹೊರಗೆ ಬರಲಿ ಎಂಬ ಕಾರಣಕ್ಕೆ. ಹತ್ತರ ವಯಸ್ಸಿನಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಇನ್ನು ಏನು ಆಡಬೇಕೆಂಬುದು. ಪೂರ್ತಿ ಅವಳಿಗೆ ಬಿಟ್ಟರೆ ದಿನವೂ ಸ್ಮ್ಯಾಶ್ ಹೊಡೆಯುತ್ತಾಳೆ, ಭುಜ ನೋಯಿಸಿಕೊಳ್ಳುತ್ತಾಳೆ, ಬ್ಯಾಕ್‌ಹ್ಯಾಂಡ್ ಹಾಗೇ ಉಳಿಯುತ್ತದೆ. ಸರ್ವ್, ಡ್ರಾಪ್, ಬ್ಯಾಕ್‌ಹ್ಯಾಂಡ್ ಇವತ್ತು ಆಗಲೇಬೇಕು ಎಂದು ನೀವು ಹೇಳಿ. ಯಾವುದು ಮೊದಲು, ಯಾವಾಗ ಸಾಕು ಎಂಬುದು ಅವಳದ್ದಿರಲಿ. ಬ್ಯಾಟ್ ಹಿಡಿಯುವ ರೀತಿ ಮತ್ತು ಆಟಕ್ಕೆ ಮುಂಚಿನ ವಾರ್ಮ್‌ಅಪ್ ವಿಷಯದಲ್ಲಿ ಮಾತ್ರ ಆಯ್ಕೆ ಬೇಡ. ಹಿಡಿತ ಒಮ್ಮೆ ತಪ್ಪಾಗಿ ಕೂತರೆ ಬಿಡಿಸುವುದು ಕಷ್ಟ, ಅದಕ್ಕೆ ಅವಳು ಕೇಳುವವರೆಗೂ ಕಾಯಬೇಡಿ. ಕೋಚ್ ಬಳಿಯೂ ಒಮ್ಮೆ ಮಾತಾಡಿ, ಅಲ್ಲಿ ಹೇಳುವುದೂ ಮನೆಯಲ್ಲಿ ಹೇಳುವುದೂ ಬೇರೆಬೇರೆ ಆಗದಿರಲಿ.